ದೇಶದ ಜನರ ದಿನನಿತ್ಯದ ಬದುಕನ್ನು ಫೋಟೋದಲ್ಲಿ ದಾಖಲಿಸುವ ಆಸೆ. ಮುಂಬೈನಲ್ಲಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಮುಂಬೈನದೇ ಮಾಟುಂಗಾ ಬಡಾವಣೆಯಿಂದ ಶುರು ಮಾಡಿ, ಇಡೀ ದೇಶ ಸುತ್ತಬೇಕಿಲ್ಲ. ಆದರೆ ಮೊದಲು ಪಟ್ಟಿ ಬರೆಯಿರಿ. ಅಮೆರಿಕದಲ್ಲಿ 1935ರಿಂದ ಸರ್ಕಾರವೇ ಡೊರೊತಿಯಾ ಲ್ಯಾಂಗ್, ವಾಕರ್ ಇವಾನ್ಸ್ ಅಂಥ ಫೋಟೋಗ್ರಾಫರ್‌ಗಳನ್ನು ಜನರ ಬದುಕು ದಾಖಲಿಸಲು ಊರೂರಿಗೆ ಕಳಿಸಿತ್ತು. ತಂಡದ ಮುಖ್ಯಸ್ಥ ರಾಯ್ ಸ್ಟ್ರೈಕರ್ ಸುಮ್ನೆ ಕಳಿಸುತ್ತಿರಲಿಲ್ಲ, ಏನೇನು ತೆಗೆಯಬೇಕು ಅಂತ ಬರೆದು ಕೊಡುತ್ತಿದ್ದರು. (ಬೇಡವಾದ ನೆಗೆಟಿವ್‌ಗಳಿಗೆ ತೂತು ಹೊಡೆಸುತ್ತಿದ್ದರು, ಅದನ್ನು ಮಾತ್ರ ಕಲಿಯಬೇಡಿ!) ನಿಮ್ಮ ಪಟ್ಟಿಯಲ್ಲಿ ಉಡುಪಿ ಹೋಟೆಲಿನ ಅಡುಗೆಮನೆ ಇರಲಿ. ಗಲ್ಲಾಪೆಟ್ಟಿಗೆಗಿಂತ ಅಲ್ಲೇ ಕೆಲಸ ಜಾಸ್ತಿ ಕಾಣುತ್ತದೆ, ಅಲ್ವಾ? ಬೆಳಗಿನ ಲೋಕಲ್ ರೈಲನ್ನು ಎಲ್ಲರೂ ತೆಗೆದಿದ್ದಾರೆ, ಬಿಡಿ. ಪತ್ರಕರ್ತ ಪಿ. ಸಾಯಿನಾಥ್ 2014ರಲ್ಲಿ ಮುಂಬೈನಿಂದ ಶುರು ಮಾಡಿದ ‘ಪರಿ’ ಜಾಲತಾಣ ನೋಡಿ, ಕನ್ನಡದಲ್ಲೂ ಇದೆ. ಗ್ರಾಮೀಣ ಭಾರತದ ಫೋಟೋಗಳ ಜೊತೆ ಅಲ್ಲಿ ಆ ಜನರ ಮಾತೂ ಸಿಗುತ್ತದೆ. ನೀವೂ ಜನರ ಮಾತು ಕೇಳಿ ಫೋಟೋ ತೆಗೆಯಿರಿ. ಜಾಗ, ತಾರೀಖು, ಕೆಲಸದ ವಿವರವನ್ನು ಅವತ್ತೇ ಬರೆದಿಡಿ.