ಜನ ಜಾಸ್ತಿ ಇದ್ದಲ್ಲಿ ದುಡ್ಡೂ ಜಾಸ್ತಿ ಇರುತ್ತಾ?

ಜನ ಒತ್ತೊತ್ತಾಗಿರುವ ಊರು ಮುಂದುವರಿದದ್ದು, ವಿರಳವಾಗಿರುವುದು ಹಿಂದುಳಿದದ್ದು ಅಂತ ಹೇಳಬಹುದಾ ಎಂದು ಕೇಳಿದ್ದೀರಿ. ಹಾಗೆ ಹೇಳಲು ಬರುವುದಿಲ್ಲ. 2011ರ ಜನಗಣತಿ ಪ್ರಕಾರ ಬಿಹಾರದಲ್ಲಿ ಚದರ ಕಿಲೋಮೀಟರಿಗೆ 1,106 ಜನ. ಸಾಂದ್ರತೆಯಲ್ಲಿ ದೇಶದ ರಾಜ್ಯಗಳಿಗೆಲ್ಲ ಅದೇ ಮೊದಲು, ತಲಾ ಆದಾಯದಲ್ಲಿ ಅದೇ ಕೊನೆ. ಅಲ್ಲಿ ಅಷ್ಟು ಜನ ನೆಲೆ ನಿಂತದ್ದು ಗಂಗೆಯ ಮೆಕ್ಕಲು ಮಣ್ಣನ್ನು ನಂಬಿ, ಕಾರ್ಖಾನೆ ನಂಬಿ ಅಲ್ಲ.

ಬೆಂಗಳೂರಿನದು ಬೇರೆ ಕಥೆ. ನಗರ ಜಿಲ್ಲೆ ರಾಜ್ಯದ ನೆಲದಲ್ಲಿ ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲು. ಆದರೆ ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಅಲ್ಲಿಂದಲೇ ಬರುತ್ತದೆ. 2001ರಲ್ಲಿ ಸುಮಾರು 65 ಲಕ್ಷ ಇದ್ದ ಜನ ಹತ್ತೇ ವರ್ಷಕ್ಕೆ 96 ಲಕ್ಷ ಆದರು. ಇವರನ್ನು ಎಳೆದದ್ದು ಕೆಲಸ.

ನಮ್ಮ ಚಿಕ್ಕಮಗಳೂರು ಜಿಲ್ಲೆ ನೋಡಿ. ಅದೇ ಹತ್ತು ವರ್ಷದಲ್ಲಿ ಇಲ್ಲಿ ಜನ ಸುಮಾರು ಮೂರು ಸಾವಿರದಷ್ಟು ಕಡಿಮೆಯಾದರು. ಹಾಗಂತ ಬಡ ಜಿಲ್ಲೆಯಾ? ಅಲ್ಲ. ಕಾಫಿ, ಅಡಿಕೆ, ಮೆಣಸು ಇವೆ. ತಲಾ ಆದಾಯದಲ್ಲಿ ರಾಜ್ಯದ ಮುಂದಿನ ಸಾಲಿನಲ್ಲೇ ಇದೆ. ಆದರೆ ತೋಟ ಇದ್ದರೂ ಓದಿದವರಿಗೆ ಬೇಕಾದ ಕೆಲಸ ಊರಲ್ಲಿ ಇಲ್ಲ. ಭಾನುವಾರ ರಾತ್ರಿ ಕೊಪ್ಪ ಬಸ್‌ಸ್ಟ್ಯಾಂಡಿಗೆ ಬಂದರೆ ಗೊತ್ತಾಗುತ್ತದೆ: ಒಂದು ಕೈಯಲ್ಲಿ ಲ್ಯಾಪ್‌ಟಾಪ್ ಬ್ಯಾಗು, ಇನ್ನೊಂದರಲ್ಲಿ ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ಇತ್ತ ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ಜನ ಬರುತ್ತಾರೆ. ನಮ್ಮ ತೋಟದಲ್ಲಿ ಅಪ್ಪ ಅರ್ಧಂಬರ್ಧ ಹಿಂದಿ ಕಲಿತದ್ದೇ ಇವರಿಂದ!

ಯಾದಗಿರಿಯಲ್ಲಿ ಇದೆಲ್ಲ ತಿರುಗಾಮುರುಗಾ. ಆ ಹತ್ತು ವರ್ಷದಲ್ಲಿ ಜನ ನೂರಕ್ಕೆ 22ಕ್ಕಿಂತ ಜಾಸ್ತಿ ಬೆಳೆದರು, ಆದಾಯ ಮಾತ್ರ ಕೊನೆಯ ಸಾಲಿನಲ್ಲೇ ಉಳಿಯಿತು. ಮಳೆ ಕೈಕೊಟ್ಟರೆ ಮನೆಗೆ ಬೀಗ ಹಾಕಿ ಗುಳೆ ಹೋಗುತ್ತಾರೆ. ಬೆಂಗಳೂರಿನಲ್ಲಿ ನಾನಿರುವ ರಸ್ತೆಯ ಹೊಸ ಕಟ್ಟಡದ ಪಕ್ಕ ತಗಡಿನ ಶೆಡ್ಡುಗಳಿವೆ. ಅಲ್ಲಿರುವವರಲ್ಲಿ ಹೆಚ್ಚಿನವರು ಆ ಕಡೆಯವರೇ.

ಹಾಗಾಗಿ ಒಂದು ಜಾಗದಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದಕ್ಕಿಂತ, ಎಲ್ಲಿಂದ ಎಲ್ಲಿಗೆ ಯಾಕೆ ಹೊರಟಿದ್ದಾರೆ ಅಂತ ನೋಡುವುದು ಒಳ್ಳೆಯದು ಅನ್ನಿಸುತ್ತದೆ.

ಅಂದಹಾಗೆ, ಇವೆಲ್ಲ ಹಳೇ ಅಂಕಿಗಳು. 2021ರಲ್ಲಿ ಜನಗಣತಿ ಆಗಲೇ ಇಲ್ಲವಲ್ಲ. 2011ರಲ್ಲಿ ನನ್ನನ್ನು ಊರಿನ ಮನೆಯಲ್ಲಿ ಎಣಿಸಿದ್ದರು, ಒಟ್ಟು ಐದು ಜನ. ಈಗ ಆ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ.