ಮಗುವಿನ ಸುಪರ್ದಿ: ಅರ್ಜಿ ಬೆಳಗಾವಿಯಲ್ಲೋ, ಕೊಲ್ಹಾಪುರದಲ್ಲೋ?

ಪ್ರಶ್ನೆ: ನಾವು ಬೆಳಗಾವಿಯ ಶಹಾಪುರದವರು. ಏಳು ವರ್ಷದ ಮಗ ಇಲ್ಲೇ ಹುಟ್ಟಿ ಬೆಳೆದು ಎರಡನೇ ತರಗತಿ ಓದುತ್ತಿದ್ದ. ಎರಡು ತಿಂಗಳ ಹಿಂದೆ ಹೆಂಡತಿ ನನಗೆ ಹೇಳದೆ ಅವನನ್ನು ಕೊಲ್ಹಾಪುರದ ತವರಿಗೆ ಕರೆದುಕೊಂಡು ಹೋಗಿ ಅಲ್ಲಿನ ಶಾಲೆಗೆ ಸೇರಿಸಿದ್ದಾಳೆ. ವಿಚ್ಛೇದನದ ಕೇಸು ಯಾರೂ ಹಾಕಿಲ್ಲ. ಪೊಲೀಸರು ‘ಕೋರ್ಟಿಗೆ ಹೋಗಿ’ ಎಂದು ಹಿಂಬರಹ ಕೊಟ್ಟರು. ಬೆಳಗಾವಿಯಲ್ಲಿ ಅರ್ಜಿ ಹಾಕಬಹುದೆ?
– ಹೆಸರು ಬೇಡ, ಬೆಳಗಾವಿ

ಉತ್ತರ: ಹಾಕಬಹುದು, ತಡ ಮಾಡಬೇಡಿ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 9ನೇ ಕಲಂ ಪ್ರಕಾರ, ಮಗು ಸಾಮಾನ್ಯವಾಗಿ ವಾಸಿಸುವ ಊರಿನ ನ್ಯಾಯಾಲಯಕ್ಕೆ ಅಧಿಕಾರ. ನಿಮ್ಮ ಮನೆ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ. ‘ಅರ್ಜಿದಾರರು ಬೆಳಗಾವಿ ನಿವಾಸಿಯಾದ್ದರಿಂದ ಈ ನ್ಯಾಯಾಲಯಕ್ಕೆ ಅಧಿಕಾರವಿದೆ’ ಎಂಬ ಒಂದು ಸಾಲು ಬರೆದು ಮುಗಿಸುವ ಅರ್ಜಿಗಳು ಬಹಳ. ಎದುರು ಪಕ್ಷದವರು ಮೊದಲು ಹಿಡಿಯುವುದೇ ಆ ಸಾಲನ್ನು. ಅಧಿಕಾರವಿಲ್ಲವೆಂದಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಆದೇಶ 7, ನಿಯಮ 10ರಂತೆ ಅರ್ಜಿ ವಾಪಸ್ಸಾಗುತ್ತದೆ. ಅಷ್ಟರಲ್ಲಿ ಮಗು ಅಲ್ಲೇ ಇನ್ನೊಂದು ತರಗತಿ ಮುಗಿಸಿರುತ್ತದೆ.

ಆದ್ದರಿಂದ ಅರ್ಜಿಯಲ್ಲಿ ನ್ಯಾಯಾಲಯದ ಅಧಿಕಾರ ಹೇಳುವ ಪ್ಯಾರಾದಲ್ಲಿ ಮಗುವಿನ ವಿಷಯವನ್ನೇ ತಾರೀಖಿನ ಸಮೇತ ಬರೆಯಿಸಿ: ಹುಟ್ಟಿದ್ದು, ಶಾಲೆಗೆ ಸೇರಿದ್ದು, ಕೊನೆಯದಾಗಿ ಹಾಜರಾದ ದಿನ, ಊರು ಬಿಟ್ಟ ದಿನ, ನಿಮಗೆ ತಿಳಿದ ದಿನ. ಜೊತೆಗೆ ಜನನ ಪ್ರಮಾಣಪತ್ರ, ತಾಯಿ ಕಾರ್ಡ್, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಶುಲ್ಕದ ರಸೀದಿ, ಹಾಜರಿಯ ಪ್ರತಿ, ಪೊಲೀಸ್ ಹಿಂಬರಹ ಇರಲಿ. ಆಧಾರ್ ಒಂದನ್ನೇ ನಂಬಬೇಡಿ. ಅದರಲ್ಲಿ ವಿಳಾಸವಿರುತ್ತದೆ, ಮಗು ದಿನನಿತ್ಯ ಎಲ್ಲಿತ್ತು ಎಂಬುದು ಇರುವುದಿಲ್ಲ. ಸಾಮಾನ್ಯ ವಾಸ ಎಲ್ಲಿ ಎಂಬುದು ಬಹುಮಟ್ಟಿಗೆ ಸಾಕ್ಷ್ಯದಿಂದ ತೀರ್ಮಾನವಾಗುವ ಪ್ರಶ್ನೆ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎರಡು ತಿಂಗಳ ತವರುವಾಸ ಇಷ್ಟು ದಾಖಲೆಯ ಮುಂದೆ ನಿಲ್ಲುವುದು ಕಷ್ಟ. ಒಂದೆರಡು ವರ್ಷ ಸುಮ್ಮನಿದ್ದು ಬಂದರೆ ಇದೇ ಮಾತು ನಿಮಗೇ ತಿರುಗುತ್ತದೆ.

ಅರ್ಜಿ ಬೆಳಗಾವಿಯ ಕೌಟುಂಬಿಕ ನ್ಯಾಯಾಲಯಕ್ಕೆ, ಇದೇ 1890ರ ಕಾಯ್ದೆಯ 25ನೇ ಕಲಂ ಅಡಿ. ಜೊತೆಗೇ 12ನೇ ಕಲಂ ಅಡಿ ಮಧ್ಯಂತರ ಅರ್ಜಿ ಹಾಕಿ ಭೇಟಿ ಮತ್ತು ವಿಡಿಯೋ ಕರೆ ಕೇಳಿ. ಮಗುವನ್ನು ನೋಡುವ ದಾರಿ ಮೊದಲು ತೆರೆಯುವುದು ಅಲ್ಲಿಂದಲೇ. ಹೆಂಡತಿ ಪ್ರಕರಣವನ್ನು ಕೊಲ್ಹಾಪುರಕ್ಕೆ ವರ್ಗಾಯಿಸಿಕೊಳ್ಳಲು ಬಯಸಿದರೆ, ರಾಜ್ಯ ದಾಟುವ ಆ ವರ್ಗಾವಣೆ ಹೈಕೋರ್ಟಿನ ಧಾರವಾಡ ಪೀಠದ ಕೈಯಲ್ಲಿಲ್ಲ. ಸಿಪಿಸಿ 25ನೇ ಕಲಂ ಅಡಿ ಸುಪ್ರೀಂ ಕೋರ್ಟಿಗೇ ಹೋಗಬೇಕು. ಅಲ್ಲಿ ಹೆಂಡತಿಯ ಅನುಕೂಲಕ್ಕೆ ಸಾಮಾನ್ಯವಾಗಿ ತೂಕ ಹೆಚ್ಚು, ಅದಕ್ಕೂ ಸಿದ್ಧರಾಗಿರಿ. ಮತ್ತೆ, ಬೆಳಗಾವಿಗೆ ಅಧಿಕಾರವಿದೆ ಎಂದಾದ ಮಾತ್ರಕ್ಕೆ ಮಗ ನಿಮಗೇ ಸಿಗುತ್ತಾನೆ ಎಂದಲ್ಲ. ಅದನ್ನು ಮಗುವಿನ ಹಿತ ನೋಡಿಯೇ ತೀರ್ಮಾನಿಸುತ್ತಾರೆ.

ಪ್ರಶ್ನೆ: ಹಿಂದೂ ವಿವಾಹ ಕಾಯ್ದೆಯಡಿ ಬೆಳಗಾವಿಯಲ್ಲಿ ವಿಚ್ಛೇದನವಾಗಿ ಮಗಳ ಸುಪರ್ದಿ ನನಗೆ ಸಿಕ್ಕಿದೆ, ತಂದೆಗೆ ಭಾನುವಾರದ ಭೇಟಿ. ನನಗೆ ಪುಣೆಯಲ್ಲಿ ಕೆಲಸ ಸಿಕ್ಕಿದೆ. ಹೋಗಬಹುದೆ?
– ಓದುಗಿ, ಗೋಕಾಕ

ಉತ್ತರ: ಮೊದಲು ಆದೇಶದ ಪ್ರತಿ ತೆಗೆದು ಷರತ್ತು ಓದಿ. ಹೊರಗೆ ಕರೆದೊಯ್ಯಬಾರದು ಎಂದಿದ್ದರೆ ಅನುಮತಿ ಪಡೆಯದೆ ಹೊರಡಬೇಡಿ. ಹಾಗೇನೂ ಬರೆದಿಲ್ಲದಿದ್ದರೂ ಭಾನುವಾರದ ಭೇಟಿ ತಪ್ಪುತ್ತದಲ್ಲ, ಆದೇಶ ಮುರಿದಂತೆ ಆಗುತ್ತದೆ. ಹೊರಡುವ ಮೊದಲೇ ಆದೇಶ ಕೊಟ್ಟ ನ್ಯಾಯಾಲಯಕ್ಕೇ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಅಡಿ ಮಾರ್ಪಾಡು ಕೋರಿ. ಕೆಲಸದ ಆದೇಶ, ಪುಣೆಯ ಮನೆ ಮತ್ತು ಶಾಲೆಯ ವಿವರ ಲಗತ್ತಿಸಿ. ಭಾನುವಾರಕ್ಕೆ ಬದಲಾಗಿ ಬೇಸಿಗೆ, ದಸರೆ ರಜೆಯ ಅರ್ಧ ಮತ್ತು ವಾರದ ವಿಡಿಯೋ ಕರೆ ಕೊಡುವುದಾಗಿ, ಪ್ರಯಾಣದ ಖರ್ಚು ಯಾರದೆಂದು ನೀವೇ ಬರೆದುಕೊಡಿ. ಮಾಜಿ ಗಂಡ ಒಪ್ಪಿದರೆ ಇಬ್ಬರೂ ಸಹಿ ಮಾಡಿ ನ್ಯಾಯಾಲಯಕ್ಕೆ ಕೊಡುವ ಜಂಟಿ ಮೆಮೋ ಸಾಕು. ಬಾಯಿಮಾತಿನ ಒಪ್ಪಿಗೆಯ ಮೇಲೆ ಸಾಮಾನು ಕಟ್ಟಬೇಡಿ.