ಕೇಳಿ, ಹೇಳ್ತೀನಿ: ಆನೆಗೆ ಬರುವ ‘ಮಸ್ತ್’ ಯಾವುದು?

ಪ್ರಶ್ನೆ: ಆನೆಗಳ ಸಾಕ್ಷ್ಯಚಿತ್ರವೊಂದರಲ್ಲಿ ‘ಮಸ್ತ್’ ಅನ್ನೋ ಮಾತು ಪದೇ ಪದೇ ಬಂತು. ‘ಊಟ ಮಸ್ತಾಗಿತ್ತು’ ಅಂತೀವಲ್ಲ, ಅದೇನಾ? ಬೆದೆಗೂ ಇದಕ್ಕೂ ಏನು ವ್ಯತ್ಯಾಸ ಸಾರ್?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಅದೇ ಮಸ್ತ್, ಅನುಮಾನ ಬೇಡ. ಪಾರಸಿಯಲ್ಲಿ ‘ಮಸ್ತ್’ ಅಂದರೆ ಅಮಲೇರಿದವನು. ಹಿಂದೂಸ್ತಾನಿಯಿಂದ ಇಂಗ್ಲಿಷಿಗೆ ಹೋಗಿ ಪ್ರಾಣಿಶಾಸ್ತ್ರದ ಪುಸ್ತಕ ಸೇರಿತು. ಸಂಸ್ಕೃತದ ‘ಮತ್ತ’ ಇದರ ದಾಯಾದಿ. ನಮ್ಮಲ್ಲಿ ಸುಮ್ನೆ ‘ಮದ ಬಂದಿದೆ’ ಅಂತಾರೆ.

ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಹುಡುಗರನ್ನು ಸಕ್ರೆಬೈಲಿನ ಆನೆ ಬಿಡಾರಕ್ಕೆ ಕರೆದೊಯ್ಯುತ್ತಿದ್ದೆ. ಮದವೇರಿದ ಗಂಡಾನೆಯನ್ನು ದೂರ ಕಟ್ಟಿರುತ್ತಾರೆ. ಕಣ್ಣು ಮತ್ತು ಕಿವಿಯ ನಡುವಿನ ಸಣ್ಣ ತೂತಿನಿಂದ ರಸ ಸೋರಿ, ಕೆನ್ನೆಯುದ್ದಕ್ಕೂ ಬಾಯಿವರೆಗೆ ಕಪ್ಪು ಗೆರೆ. ಮೂತ್ರ ತೊಟ್ಟಿಕ್ಕುತ್ತಲೇ ಇದ್ದು ಹಿಂಗಾಲು ಒದ್ದೆ. ಮೈಯೊಳಗೆ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಹತ್ತಾರು ಪಟ್ಟು ಏರಿರುತ್ತದೆ. ಸಾಕಿದ ಮಾವುತನನ್ನೂ ಹತ್ತಿರ ಸೇರಿಸದು.

ಬೆದೆ ಹೆಣ್ಣಿನದು, ಮದ ಗಂಡಿನದು. ಮದಕ್ಕೆ ಎಲ್ಲ ಆನೆಗೂ ಒಂದೇ ಕಾಲವಿಲ್ಲ. ಒಂದಕ್ಕೆ ಈ ತಿಂಗಳಾದರೆ ಇನ್ನೊಂದಕ್ಕೆ ಇನ್ಯಾವಾಗಲೋ. ಮೇವು ಚೆನ್ನಾಗಿದ್ದರೆ ಜಾಸ್ತಿ ದಿನ ಇರುತ್ತದೆ. ಮದವಿಲ್ಲದ ಗಂಡೂ ಮರಿ ಹುಟ್ಟಿಸಬಲ್ಲದು, ಆದರೆ ಮದವೇರಿದವನು ಬಂದರೆ ತನಗಿಂತ ದೊಡ್ಡ ಆನೆಯೂ ದಾರಿ ಬಿಡುತ್ತದೆ.

ಆಫ್ರಿಕದ ಆನೆಗಳಿಗೆ ಮದವೇ ಇಲ್ಲ ಅಂತ ಬಹಳ ಕಾಲ ನಂಬಿದ್ದರು. ಅಲ್ಲಿ ಹೆಣ್ಣಾನೆಯ ಕೆನ್ನೆಯೂ ಸೋರುತ್ತದೆ, ಅದೇ ಗೊಂದಲ. ಕೊನೆಗೆ 1981ರಲ್ಲಿ ಆನೆ ಸಂಶೋಧಕಿಯರಾದ ಜಾಯ್ಸ್ ಪೂಲ್ ಮತ್ತು ಸಿಂಥಿಯಾ ಮಾಸ್ ಕೀನ್ಯಾದ ಅಂಬೊಸೆಲಿಯ ಗಂಡಾನೆಗಳನ್ನು ನೋಡಿ, ಇದೆ ಅಂತ ‘ನೇಚರ್’ ಪತ್ರಿಕೆಯಲ್ಲಿ ಬರೆದರು.

ನನಗೆ ತುಂಬಾ ಇಷ್ಟವಾದದ್ದು ಬೇರೆಯೇ. ಹಳೆಯ ಕಾವ್ಯಗಳಲ್ಲಿ ಮದ್ದಾನೆ ಬಂದರೆ ಅದರ ಕೆನ್ನೆಯ ರಸಕ್ಕೆ ಮುತ್ತುವ ದುಂಬಿಗಳೂ ಬರಲೇಬೇಕು, ಅಲ್ವಾ? ಕವಿಗಳ ಉತ್ಪ್ರೇಕ್ಷೆ ಅಂದುಕೊಳ್ಳುತ್ತೇವೆ. 2002ರಲ್ಲಿ ರಾಸ್ಮುಸೆನ್ ಎಂಬ ವಿಜ್ಞಾನಿ, ತಮಿಳುನಾಡಿನ ಆನೆ ವೈದ್ಯ ವಿ. ಕೃಷ್ಣಮೂರ್ತಿ ಮತ್ತಿತರರು ಏಷ್ಯಾದ ಆನೆಗಳ ಆ ರಸವನ್ನು ಪರೀಕ್ಷಿಸಿದರು. ಹರೆಯದ ಗಂಡಾನೆಯದ್ದು ಜೇನಿನಂತೆ ಸಿಹಿ ವಾಸನೆ! ವಯಸ್ಸಾದಂತೆ ಅದು ನಾತಕ್ಕೆ ತಿರುಗುತ್ತದೆ. ಬಲಿತ ಆನೆಯ ರಸದಲ್ಲಿ ಫ್ರಾಂಟಲಿನ್ ಎಂಬ ರಾಸಾಯನಿಕ ಜಾಸ್ತಿ. ಮರದ ತೊಗಟೆ ಕೊರೆಯುವ ಕೆಲವು ಹುಳಗಳೂ ತಮ್ಮವರನ್ನು ಕರೆಯಲು ಇದನ್ನೇ ಬಳಸುತ್ತವೆ. ಕವಿಗಳು ತಪ್ಪಿದ್ದು ವಯಸ್ಸಿನಲ್ಲಿ ಮಾತ್ರ. ಸಿಹಿ ವಾಸನೆ ಎಳೆಯ ಆನೆಯದ್ದು, ಅವರು ದುಂಬಿ ಕೂರಿಸಿದ್ದು ಬೆಟ್ಟದಂಥ ಸಲಗದ ಮೇಲೆ.